ಎಲುಬಿನ ಪುಡಿ, ಬೋರಿನ ನೀರು, ಅವ್ವನ ಮುರಿದ ಕೈ

ನಮ್ಮವ್ವ ಬಿದ್ದದ್ದು ಬಚ್ಚಲಲ್ಲಿ. ಶ್ರಾವಣ ಸೋಮವಾರ, ಇನ್ನೂ ಬೆಳಕು ಹರಿದಿರಲಿಲ್ಲ, ತಲೆಗೆ ನೀರು ಹಾಕಿಕೊಂಡು ಏಳುವಾಗ ಕಲ್ಲಿನ ಮೇಲೆ ಕಾಲು ಜಾರಿ ಬಲಗೈ ಊರಿದಳು. ಅಷ್ಟೇ. ಮಣಿಕಟ್ಟಿನ ಹತ್ತಿರ ಎಲುಬು ಮುರಿದಿತ್ತು. ಕೊಪ್ಪಳದಲ್ಲಿ ಎಕ್ಸ್‌ರೇ ತೆಗೆಸಿ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವಾಗ ಡಾಕ್ಟರ್ ಒಂದು ಮಾತು ಹೇಳಿದರು, ವಯಸ್ಸಾದ ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಮೊದಲು ಮುರಿಯುವುದು ಈ ಮಣಿಕಟ್ಟೇ, ಇದು ಎಚ್ಚರಿಕೆ ಗಂಟೆ, ಮುಂದೆ ಬೆನ್ನು, ಸೊಂಟ ಮುರಿಯಬಾರದು ಅಂದರೆ ಈಗಲೇ ನೋಡಿಕೊಳ್ಳಿ ಅಂತ. ಅವ್ವನಿಗೆ 71.

ಆಮೇಲೆ ಮಾತಾಡಿಸಲು ಬಂದವರ ಕಥೆ ಕೇಳಿ. ನಮ್ಮ ಕಡೆ ಯಾರಿಗಾದರೂ ಕೈಕಾಲು ಮುರಿದರೆ ಬಿಸ್ಕೀಟಿನ ಪ್ಯಾಕೆಟ್ ಜೊತೆ ಒಂದೊಂದು ಔಷಧಿಯೂ ಬರುತ್ತದೆ. ಸೋದರತ್ತೆ ಮಂಗರಬಳ್ಳಿ ಚಟ್ನಿ ಅಂದಳು. ಪಕ್ಕದ ಮನೆಯ ಕಾಕಾ, ಗೋಧಿ ಕಾಳಿನಷ್ಟು ಸುಣ್ಣ ಮೊಸರಲ್ಲಿ ಕಲಿಸಿ ಕುಡಿಸ್ರಿ ಅಂದರು, ವಾಟ್ಸಾಪಿನಲ್ಲಿ ಬಂದಿತ್ತಂತೆ. ನಮ್ಮ ಏರಿಯಾದ ಮೆಡಿಕಲ್ ಶಾಪಿನವರು ಉಚಿತ ಎಲುಬು ತಪಾಸಣೆ ಶಿಬಿರ ಇದೆ, ಅವ್ವನನ್ನು ಕರೆದುಕೊಂಡು ಬನ್ನಿ ಮೇಡಂ ಅಂದರು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಮಾತೇ ಆಡಲಿಲ್ಲ, ನೇರ ಒಂದು ದೊಡ್ಡ ಡಬ್ಬಿ ಕೊರಿಯರ್ ಮಾಡಿದ. ಕೊಲಾಜನ್ ಪುಡಿ. ಜೊತೆಗೆ ಕ್ಯಾಲ್ಸಿಯಂ, ಡಿ3, ಕೆ2, ಮೆಗ್ನೀಶಿಯಂ, ಏನೇನೋ. ಡಬ್ಬಿಯ ಮೇಲೆ ಬಿಳಿ ಕೂದಲಿನ ಒಬ್ಬ ಹೆಂಗಸು ಬೆಟ್ಟ ಹತ್ತುತ್ತಿದ್ದಾಳೆ, "ವೈಜ್ಞಾನಿಕವಾಗಿ ಸಾಬೀತಾಗಿದೆ" ಅಂತ ಬರೆದಿದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ "ಸಾಬೀತಾಗಿದೆ" ಅನ್ನೋ ಮಾತು ಕಂಡರೆ ಏನು ಸಾಬೀತಾಗಿದೆ, ಯಾರ ಮೇಲೆ, ಯಾವುದಕ್ಕೆ ಹೋಲಿಸಿ ಅಂತ ಕೇಳದೆ ಇರೋಕೆ ಆಗಲ್ಲ. ರಾತ್ರಿ ಅವ್ವ ಮಲಗಿದ ಮೇಲೆ ಕುಳಿತು ಓದಿದೆ. ಸುಮಾರು ಎರಡು ತಿಂಗಳು ಓದಿದೆ. ಓದಿದ್ದೆಲ್ಲ ಸುತ್ತಿ ಸುತ್ತಿ ಕೊನೆಗೆ ನಮ್ಮ ಊರಿನ ಬೋರ್‌ವೆಲ್ಲಿಗೇ ಬಂದು ನಿಂತಿತು.

ಮೊದಲು ಆ ಶಿಬಿರ ಮುಗಿಸಿಬಿಡೋಣ. ಅಂಗಡಿಯ ಮುಂದೆ ಟೇಬಲ್ಲು, ಅದರ ಮೇಲೆ ತೂಕದ ಯಂತ್ರದಂಥ ಒಂದು ಪೆಟ್ಟಿಗೆ. ಹಿಮ್ಮಡಿ ಇಡಬೇಕು, ಒಂದು ನಿಮಿಷ, ಚೀಟಿ ಹೊರಗೆ ಬರುತ್ತದೆ. ಹಸಿರು, ಹಳದಿ, ಕೆಂಪು. ನಾನು ನಿಂತಿದ್ದ ಅರ್ಧ ಗಂಟೆಯಲ್ಲಿ ಹಸಿರು ಬಂದವರನ್ನು ನಾನು ನೋಡಲಿಲ್ಲ. ನನಗೆ ಹಳದಿ, ಅವ್ವನಿಗೆ ಕೆಂಪು, ಚೀಟಿ ಕೈಗೆ ಬಂದ ಕೂಡಲೇ ಪಕ್ಕದಲ್ಲಿ ಪುಡಿಯ ಡಬ್ಬಿ ರೆಡಿ. ಆ ಯಂತ್ರ ಮಾಡುವುದು ಹಿಮ್ಮಡಿಯ ಮೂಲಕ ಅಲ್ಟ್ರಾಸೌಂಡ್ ಹಾಯಿಸುವ ಕೆಲಸ. ಎಲುಬು ಸವೆತ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವುದು ಸೊಂಟ ಮತ್ತು ಬೆನ್ನಿನ ಡೆಕ್ಸಾ ಸ್ಕ್ಯಾನ್ ಮೇಲೆ, ಅಂದರೆ ಎಕ್ಸ್‌ರೇಯಿಂದ ಎಲುಬಿನ ಸಾಂದ್ರತೆ ಅಳೆಯುವ ಪರೀಕ್ಷೆಯ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ, ಟಿ-ಸ್ಕೋರ್ (ಆರೋಗ್ಯವಂತ ಯುವತಿಯರ ಎಲುಬಿಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಸವೆತ, ಅನ್ನುವುದು, ಆ ಸ್ಕ್ಯಾನಿಗೆ ಸಂಬಂಧಪಟ್ಟದ್ದು. ಹಿಮ್ಮಡಿ ಚೀಟಿಯ ನಂಬರನ್ನು ಅದೇ ಗೆರೆಗೆ ಹಚ್ಚಿ ನೋಡುವಂತಿಲ್ಲ. ಅವ್ವನದು ನಿಜಕ್ಕೂ ಸವೆದ ಎಲುಬು ಅಂತ ಆಮೇಲೆ ಸರಿಯಾದ ಸ್ಕ್ಯಾನಿನಲ್ಲಿ ಗೊತ್ತಾಯಿತು, ಅದು ಬೇರೆ ಮಾತು.

ಈಗ ತಮ್ಮನ ಡಬ್ಬಿ. ಕೊಲಾಜನ್ ಅಂದರೆ ಎಲುಬಿನ ಒಳಗಿನ ಪ್ರೋಟೀನ್ ಎಳೆ, ಅದರ ಮೇಲೆ ಕ್ಯಾಲ್ಸಿಯಂ-ಫಾಸ್ಫೇಟಿನ ಹರಳು ಕೂತಿರುತ್ತದೆ. ಅದು ನಿಜ. ಅದನ್ನೇ ಕುಡಿದರೆ ಅದೇ ಹೋಗಿ ಎಲುಬಿಗೆ ಕೂರುತ್ತದೆ ಅನ್ನುವುದು, ಕೂದಲು ತಿಂದರೆ ತಲೆಗೂದಲು ಬೆಳೆಯುತ್ತದೆ ಅಂದಂತೆ. ಹೊಟ್ಟೆಗೆ ಹೋದ ಪ್ರೋಟೀನ್ ಒಡೆದು ಚೂರಾಗುತ್ತದೆ. ಆ ಚೂರುಗಳೇ ಎಲುಬಿನ ಜೀವಕೋಶಕ್ಕೆ ಏನೋ ಸಂದೇಶ ಕೊಡುತ್ತವೆ ಅಂತ ಒಂದು ವಾದ ಇದೆ, ಇರಲಿ. ಪರೀಕ್ಷೆ ಮಾಡಿದ್ದಾರಾ ಅಂದರೆ ಮಾಡಿದ್ದಾರೆ. 2018ರಲ್ಲಿ ಜರ್ಮನಿಯವರ ಒಂದು ಅಧ್ಯಯನ ಬಂತು, ಈ ಪುಡಿಗಳ ಪರವಾಗಿ ಎಲ್ಲರೂ ತೋರಿಸುವುದು ಅದನ್ನೇ. ಮುಟ್ಟು ನಿಂತ 131 ಹೆಂಗಸರು, ದಿನಕ್ಕೆ 5 ಗ್ರಾಂ, ಒಂದು ವರ್ಷ. ಕೊನೆಯವರೆಗೆ ಉಳಿದವರು 102. ಪುಡಿ ಕುಡಿದವರ ಟಿ-ಸ್ಕೋರ್ ಸುಮಾರು 0.1ರಷ್ಟು ಮೇಲಕ್ಕೆ ಹೋಯಿತು. ಪಾಯಿಂಟ್ ಒಂದು! ಮೈನಸ್ 2.5 ಇದ್ದದ್ದು ಮೈನಸ್ 2.4 ಆದಂತೆ. ಹಣ ಕೊಟ್ಟವರು ಪುಡಿ ತಯಾರಿಸುವವರೇ. ಅದಕ್ಕೇ ಸುಳ್ಳು ಅಂತ ನಾನು ಹೇಳುವುದಿಲ್ಲ, ಆದರೆ ಅಲ್ಲಿ ಪರೀಕ್ಷೆಗೆ ಇಟ್ಟದ್ದು ಅವರ ಒಂದು ನಿರ್ದಿಷ್ಟ ಪೆಪ್ಟೈಡ್ (ಪ್ರೋಟೀನಿನ ಚೂರು), ನಮ್ಮ ಡಬ್ಬಿಯಲ್ಲಿರುವುದು ಬೇರೆಯವರದು. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು: ಎಷ್ಟು ಜನರ ಎಲುಬು ಮುರಿಯುವುದು ತಪ್ಪಿತು ಅಂತ ಹೇಳುವಷ್ಟು ದೊಡ್ಡ ಅಧ್ಯಯನ ಅದು ಆಗಿರಲೇ ಇಲ್ಲ. ಅವರು ಅಳೆದದ್ದು ಯಂತ್ರದ ನಂಬರು ಮತ್ತು ರಕ್ತದಲ್ಲಿನ ಕೆಲವು ಗುರುತುಗಳು.

ಇಷ್ಟು ಓದಿ ಡಬ್ಬಿ ತಿರುಗಿಸಿದೆ. ಹಿಂದೆ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಂಗತಿ. ಒಂದು, ಇದು ಔಷಧಿಯಾಗಿ ಬಳಸಲು ಅಲ್ಲ ಅಂತ. ಎರಡನೆಯದು ಕಂದು ಬಣ್ಣದ ತ್ರಿಕೋನ, ಮಾಂಸಾಹಾರದ ಗುರುತು. ಮೀನಿನ ಚರ್ಮದಿಂದ ತೆಗೆದದ್ದು! ಅವ್ವ ಆಗಲೇ ಹತ್ತು ದಿನದಿಂದ ಹಾಲಿನಲ್ಲಿ ಹಾಕಿಕೊಂಡು, ಲಿಂಗಪೂಜೆ ಮುಗಿದ ಮೇಲೆ ಭಕ್ತಿಯಿಂದ ಕುಡಿಯುತ್ತಿದ್ದಳು. ಹೇಳಲೋ ಬೇಡವೋ ಅಂತ ಒಂದು ದಿನ ಒದ್ದಾಡಿದೆ. ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕ ಕೆರಿ ವಾಸನಿ ಹೊಡೀತಿತ್ತು, ನಾ ಹಾಲು ಕೆಟ್ಟೈತೇನೋ ಅಂದ್ಕೊಂಡೆ" ಅಂದಳು. ತಮ್ಮನಿಗೆ ಫೋನ್ ಹಚ್ಚಿ ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ.

ಯಂತ್ರದ ನಂಬರು ಏರಿದರೆ ಎಲುಬು ಗಟ್ಟಿಯಾದಂತೆ ಅಲ್ವಾ, ಇದರಲ್ಲಿ ತಕರಾರೇನು ಅಂತ ನೀವು ಕೇಳಬಹುದು. ತಮ್ಮನೂ ಅದನ್ನೇ ಕೇಳಿದ. ಇದಕ್ಕೆ ಉತ್ತರ ನಮ್ಮ ಊರಿನಲ್ಲಿದೆ.

ನಮ್ಮ ಮೂಲ ಊರು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಬೋರ್ ನೀರು ಕುಡಿದು ಬೆಳೆದವರು ನಾವು. ನಾನು ನಕ್ಕರೆ ಈಗಲೂ ಮುಂದಿನ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ, ಕಾಲೇಜಿನಲ್ಲಿ ಬೇರೆ ಕಡೆಯ ಹುಡುಗಿಯರು ಹಲ್ಲು ಉಜ್ಜಲ್ವಾ ಅಂತ ಕೇಳುತ್ತಿದ್ದರು. ಫ್ಲೋರೈಡ್. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ನೆಲದಡಿ ಇರುವುದು ಗ್ರಾನೈಟು, ನೈಸ್ ಬಂಡೆ. ಆ ಬಂಡೆಯಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ, ಮಳೆ ಕಡಿಮೆ, ಬೋರ್ ಆಳಕ್ಕೆ ಹೋದಷ್ಟೂ ಬಂಡೆಯ ಜೊತೆ ನೀರಿನ ಸಹವಾಸ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಸಹಿಸಬಹುದು ಅಂತ ನಮ್ಮ ದೇಶದ ಮಾನದಂಡ. ಇದನ್ನು ಮೀರಿದ ಬೋರುಗಳು ನಮ್ಮ ಭಾಗದಲ್ಲಿ ಬೇಕಾದಷ್ಟಿವೆ.

ನಮ್ಮ ದೊಡ್ಡಪ್ಪ ಇದ್ದರು. ಐವತ್ತು ದಾಟುವ ಹೊತ್ತಿಗೆ ಅವರ ಬೆನ್ನು ಬಿದಿರಿನ ಗಳದಂತೆ ಆಗಿತ್ತು. ಯಾರಾದರೂ ಹಿಂದಿನಿಂದ ಕರೆದರೆ ಕುತ್ತಿಗೆ ತಿರುಗುತ್ತಿರಲಿಲ್ಲ, ಇಡೀ ಮೈ ತಿರುಗಬೇಕು. ಅವರ ಎಕ್ಸ್‌ರೇಯಲ್ಲಿ ಎಲುಬು ಹೇಗೆ ಕಾಣುತ್ತಿತ್ತು ಅಂದರೆ, ಬೆಳ್ಳಗೆ, ಸೀಮೆಸುಣ್ಣದ ಹಾಗೆ ಬೆಳ್ಳಗೆ. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆಯೂ ಗಟ್ಟಿಯಾಗಿತ್ತು. ಅವರನ್ನು ಡೆಕ್ಸಾ ಯಂತ್ರದ ಕೆಳಗೆ ಮಲಗಿಸಿದ್ದರೆ ಬೆನ್ನಿನ ನಂಬರು ಭರ್ಜರಿಯಾಗಿ ಬರುತ್ತಿತ್ತು, ಶಿಬಿರದವರು ಕರೆದು ಸನ್ಮಾನ ಮಾಡುವಷ್ಟು. ಆದರೆ ಅದು ಗಟ್ಟಿ ಎಲುಬಲ್ಲ. ಸೀಮೆಸುಣ್ಣವೂ ದಪ್ಪಗೆ, ಬೆಳ್ಳಗೆ ಇರುತ್ತದೆ, ದಿನಕ್ಕೆ ಹತ್ತು ಸಲ ನನ್ನ ಕೈಯಲ್ಲೇ ಪಟ್ ಅಂತ ಮುರಿಯುತ್ತದೆ.

ಫ್ಲೋರೈಡಿನಿಂದ ಎಲುಬಿಗೆ ಬರುವ ಈ ರೋಗವನ್ನು, ಅಂದರೆ ಎಲುಬಿನ ಫ್ಲೋರೋಸಿಸ್ ಅನ್ನು, ಭಾರತದಲ್ಲಿ ಮೊದಲು ವಿವರಿಸಿದ್ದು 1937ರಲ್ಲಿ, ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯ ಹಳ್ಳಿಗಳನ್ನು ನೋಡಿ. ಆಗ ನಮ್ಮ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು ಅನ್ನುವುದು ನೆನಪಿರಲಿ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು ಫ್ಲೋರೈಡ್ ನೀರಿನ ಊರುಗಳಲ್ಲಿ ಹುಡುಗರ ಮೊಣಕಾಲು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದನ್ನು, ಜೊತೆಗೆ ಎಲುಬು ಸವೆದಿರುವುದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅಂದರೆ ಒಂದೇ ಫ್ಲೋರೈಡು ಒಬ್ಬರಲ್ಲಿ ಎಲುಬನ್ನು ದಪ್ಪ ಮಾಡುತ್ತದೆ, ಇನ್ನೊಬ್ಬರಲ್ಲಿ ಸವೆಸುತ್ತದೆ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆ ಪೆಟ್ಟು ಜಾಸ್ತಿ.

ಇದಕ್ಕಿಂತ ಆಶ್ಚರ್ಯದ ಸಂಗತಿ ಮುಂದಿದೆ. ಎಲುಬು ದಪ್ಪ ಮಾಡುತ್ತದೆ ಅಂತಲೇ ಇದೇ ಫ್ಲೋರೈಡನ್ನು ಪಶ್ಚಿಮ ದೇಶಗಳಲ್ಲಿ ಔಷಧಿಯಾಗಿ ಕೊಟ್ಟು ನೋಡಿದ್ದರು! ನಾವು ಯಾವುದರಿಂದ ತಪ್ಪಿಸಿಕೊಳ್ಳಲು ಕೊಡ ಹಿಡಿದು ಓಡಾಡುತ್ತೇವೋ ಅದನ್ನು ಅವರು ಮಾತ್ರೆ ಮಾಡಿ ನುಂಗಿಸಿದರು. ಅಮೆರಿಕದ ಮೇಯೋ ಕ್ಲಿನಿಕ್ಕಿನ ರಿಗ್ಸ್ ಮತ್ತು ಜೊತೆಗಾರರು 1990ರಲ್ಲಿ ಫಲಿತಾಂಶ ಬರೆದರು. ಬೆನ್ನೆಲುಬು ಮೊದಲೇ ಮುರಿದಿದ್ದ 202 ಹೆಂಗಸರು, ಅರ್ಧ ಜನಕ್ಕೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್, ಉಳಿದವರಿಗೆ ಸುಮ್ನೆ ತೋರಿಕೆಯ ಮಾತ್ರೆ, ಎರಡೂ ಗುಂಪಿಗೆ ಕ್ಯಾಲ್ಸಿಯಂ. ನಾಲ್ಕು ವರ್ಷ. ಫ್ಲೋರೈಡ್ ತಿಂದವರ ಬೆನ್ನಿನ ಎಲುಬಿನ ಸಾಂದ್ರತೆ ಶೇ. 35ರಷ್ಟು ಏರಿತು. ಮೇಲಿನ ಕೊಲಾಜನ್ ಪುಡಿಯವರು ಇಂಥ ನಂಬರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಆದರೆ ಬೆನ್ನೆಲುಬು ಮುರಿಯುವುದು ಲೆಕ್ಕಕ್ಕೆ ಹಿಡಿಯುವಷ್ಟು ಕಡಿಮೆ ಆಗಲಿಲ್ಲ. ಬೆನ್ನು ಬಿಟ್ಟು ಬೇರೆ ಕಡೆಯ ಮುರಿತಗಳು? ತೋರಿಕೆ ಮಾತ್ರೆಯವರಲ್ಲಿ 24, ಫ್ಲೋರೈಡ್ ತಿಂದವರಲ್ಲಿ 72. ಮೂರು ಪಟ್ಟು.

ಈ ಒಂದು ಅಧ್ಯಯನ ಓದಿದ ಮೇಲೆ ನನಗೆ ಯಾವ ಡಬ್ಬಿಯನ್ನೂ ಮೊದಲಿನ ಹಾಗೆ ನೋಡಲು ಆಗುತ್ತಿಲ್ಲ. "ಸಾಂದ್ರತೆ ಹೆಚ್ಚಿಸುತ್ತದೆ" ಅಂದರೆ ಕೇಳುವುದು ಒಂದೇ, ಮುರಿಯುವುದು ಕಡಿಮೆ ಆಯಿತೇನ್ರೀ? ಸ್ಟ್ರಾನ್ಷಿಯಂ ಅಂತ ಇನ್ನೊಂದು ಮಾರುತ್ತಾರೆ, ಅದರ ಕಥೆ ಇನ್ನೂ ಮಜಾ. ಸ್ಟ್ರಾನ್ಷಿಯಂ ಪರಮಾಣು ಕ್ಯಾಲ್ಸಿಯಂಗಿಂತ ಭಾರ, ಎಲುಬಿನಲ್ಲಿ ಹೋಗಿ ಕೂತರೆ ಎಕ್ಸ್‌ರೇಯನ್ನು ಜಾಸ್ತಿ ತಡೆಯುತ್ತದೆ, ಯಂತ್ರ ಮೋಸ ಹೋಗಿ ಸಾಂದ್ರತೆ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ತಕ್ಕಡಿಯ ಕೆಳಗೆ ಕಲ್ಲು ಅಂಟಿಸಿದ ಹಾಗೆ.

ಹಾಗಾದರೆ ಕ್ಯಾಲ್ಸಿಯಂ, ವಿಟಮಿನ್ ಡಿ? ಇಲ್ಲಿ ಅಧ್ಯಯನಗಳ ರಾಶಿಯೇ ಇದೆ, ಮತ್ತು ಒಂದಕ್ಕೊಂದು ಜಗಳ ಆಡುವ ಹಾಗೆ ಕಾಣುತ್ತವೆ. 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿ ಸರಾಸರಿ 84 ವಯಸ್ಸಿನ 3,270 ಅಜ್ಜಿಯರ ಮೇಲೆ ಪರೀಕ್ಷೆ ಮಾಡಿದರು. ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ, 800 ಯೂನಿಟ್ ವಿಟಮಿನ್ ಡಿ. ಹದಿನೆಂಟು ತಿಂಗಳು ಪೂರ್ತಿ ತೆಗೆದುಕೊಂಡವರಲ್ಲಿ ಸೊಂಟ ಮುರಿಯುವುದು ಶೇ. 43 ಕಡಿಮೆ. ಇದು ಬರೀ ಯಂತ್ರದ ನಂಬರಲ್ಲ, ಮುರಿತದ ಲೆಕ್ಕ. ಆದರೆ 2006ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನವರು 36,282 ಹೆಂಗಸರಲ್ಲಿ ಅರ್ಧ ಜನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ, 400 ಯೂನಿಟ್ ಡಿ ಕೊಟ್ಟು ಏಳು ವರ್ಷ ನೋಡಿದರೆ ಸೊಂಟದ ಸಾಂದ್ರತೆ ಶೇ. 1ರಷ್ಟು ಜಾಸ್ತಿ, ಮುರಿತದಲ್ಲಿ ಖಚಿತ ಅನ್ನುವಂಥ ವ್ಯತ್ಯಾಸ ಇಲ್ಲ, ಕಿಡ್ನಿ ಕಲ್ಲು ಮಾತ್ರ ಶೇ. 17 ಜಾಸ್ತಿ. ರಾಯಚೂರಿನ ಬಿಸಿಲಲ್ಲಿ ಕಿಡ್ನಿ ಕಲ್ಲಿನ ಮಾತು ಬಂದರೆ ಎಷ್ಟು ಜನ ಸೊಂಟ ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ ಅಂತ ಗೊತ್ತಲ್ಲ. 2022ರಲ್ಲಿ ವೈಟಲ್ ಅಧ್ಯಯನ, ಅದೂ ಅಮೆರಿಕದ್ದೇ, 25,871 ಜನ, ದಿನಕ್ಕೆ 2,000 ಯೂನಿಟ್ ಡಿ3, ಐದು ವರ್ಷಕ್ಕೂ ಮೇಲೆ. ಮುರಿತ ಕಡಿಮೆ ಆಗಲಿಲ್ಲ.

ಒಂದು ಕಡೆ ಕೆಲಸ ಮಾಡಿದೆ, ಇನ್ನೊಂದು ಕಡೆ ಮಾಡಿಲ್ಲ. ಯಾಕೆ? ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದು ಕಷ್ಟದ ಪ್ರಶ್ನೆ ಅಲ್ಲ. ಮೇಲ್ಭಾಗದ ಗಂಗಾವತಿ ಕಡೆ ಗದ್ದೆಯಲ್ಲಿ ಮೊದಲೇ ನೀರು ನಿಂತಿರುತ್ತದೆ, ಇನ್ನಷ್ಟು ಬಿಟ್ಟರೆ ಭತ್ತ ಏನೂ ಹೆಚ್ಚು ಬರಲ್ಲ, ನೆಲ ಸವಳಾಗುತ್ತದೆ. ಅದೇ ನೀರು ಕಾಲುವೆಯ ಕೊನೆಯಲ್ಲಿ ಮಾನ್ವಿ, ಸಿರವಾರದ ಕಡೆ ಒಂದು ಸಲ ತಲುಪಿದರೆ ಬೆಳೆ ಉಳಿಯುತ್ತದೆ. ಫ್ರಾನ್ಸಿನ ಅಜ್ಜಿಯರು ಟೇಲ್ ಎಂಡಿನವರು. ಹೊರಗೆ ಬಿಸಿಲಿಗೆ ಬರುತ್ತಿರಲಿಲ್ಲ, ಮೈಯಲ್ಲಿ ಡಿ ಕಡಿಮೆ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ. ವೈಟಲ್ ಅಧ್ಯಯನದವರನ್ನು ಕೊರತೆ ನೋಡಿ ಆರಿಸಿರಲಿಲ್ಲ, ಬಹುಪಾಲು ಜನರ ಗದ್ದೆ ಮೊದಲೇ ತುಂಬಿತ್ತು. ಹಾಗಾಗಿ "ಕ್ಯಾಲ್ಸಿಯಂ ವೇಸ್ಟ್ ಅಂತ ಅಮೆರಿಕದವರು ಹೇಳಿದ್ದಾರೆ" ಅನ್ನುವವರೂ ನನಗೆ ಅಂಗಡಿಯವರಷ್ಟೇ ಅವಸರದವರು ಅನ್ನಿಸುತ್ತಾರೆ.

ಅವ್ವ ಕಾಲುವೆಯ ಯಾವ ತುದಿಯಲ್ಲಿದ್ದಾಳೆ ಅಂತ ಒಂದು ವಾರ ಅವಳ ಊಟ ಬರೆದಿಟ್ಟೆ. ದಿನಕ್ಕೆ ನಾಲ್ಕು ಜೋಳದ ರೊಟ್ಟಿ, ಅಂದಾಜು 200 ಗ್ರಾಂ ಹಿಟ್ಟು. ಜೋಳದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಅಷ್ಟಕ್ಕೂ ಸೇರಿ 50-55 ಮಿಲಿಗ್ರಾಂ. (ಇದೇ ರಾಗಿ ಆಗಿದ್ದರೆ 100 ಗ್ರಾಮಿಗೇ 350ರ ಆಸುಪಾಸು. ಆದರೆ ಮುದ್ದೆ ಮಾಡಿ ಇಟ್ಟರೆ ಅವ್ವ "ಇದು ಮೈಸೂರ ಕಡಿಯವ್ರ ಊಟ, ನುಂಗಾಕ ಬರಂಗಿಲ್ಲ" ಅಂತಾಳೆ.) ಮೊಸರು ಎರಡು ಬಟ್ಟಲು, ಸುಮಾರು 250. ಚಹಾದ ಹಾಲು 120. ಗುರೆಳ್ಳು ಚಟ್ನಿ ಪುಡಿ ಎರಡು ಚಮಚ, 30. ಮೆಂತ್ಯ, ರಾಜಗಿರಿ, ಪುಂಡಿ ಅಂತ ದಿನಾ ಒಂದು ಪಲ್ಯ ಇದ್ದೇ ಇರುತ್ತದೆ, ಪಟ್ಟಿಯ ಪ್ರಕಾರ 150 ಹಾಕಿಕೊಂಡೆ, ಆದರೆ ಸೊಪ್ಪಿನ ಲೆಕ್ಕ ಪೂರ್ತಿ ನಂಬುವಂತಿಲ್ಲ. ಆಕ್ಸಲೇಟ್ ಜಾಸ್ತಿ ಇರುವ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಕಟ್ಟಿಹಾಕಿದ ಹಾಗೆ ಇರುತ್ತದೆ. ಪಾಲಕ್ಕಿನದು ಮೈಗೆ ಹತ್ತುವುದು ಶೇ. 5ರಷ್ಟು, ಹಾಲಿನದು ಶೇ. 30ರ ಹತ್ತಿರ. ಎಲ್ಲ ಕೂಡಿಸಿದರೆ 600. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1,200 ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ಅರ್ಧಕ್ಕೆ ಅರ್ಧ. ಟೇಲ್ ಎಂಡೇ.

ಅಂದಮೇಲೆ ಅವಳಿಗೆ ಮಾತ್ರೆ ಬೇಕು, ಡಾಕ್ಟರೂ ಅದನ್ನೇ ಬರೆದಿದ್ದರು. ಹೆಚ್ಚೇನಿಲ್ಲ, ದಿನಕ್ಕೊಂದು ಸಾದಾ ಕ್ಯಾಲ್ಸಿಯಂ ಕಾರ್ಬೊನೇಟ್, ಡಿ3 ಸೇರಿದ್ದು. ಮೊಸರು ಇನ್ನೊಂದು ಬಟ್ಟಲು ಜಾಸ್ತಿ. ಮಾತ್ರೆಯ ಪಟ್ಟಿಯ ಮೇಲೆ 1,250 ಅಂತ ಇದ್ದದ್ದು ನೋಡಿ ಕಾಕಾ "ಇಷ್ಟೊಂದಾ, ಅರ್ಧ ಮುರಿದು ಕೊಡು" ಅಂದಿದ್ದರು. ಹಾಗಲ್ಲ. 1,250 ಅನ್ನುವುದು ಇಡೀ ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕ, ಅದರಲ್ಲಿ ಕ್ಯಾಲ್ಸಿಯಂ ಪಾಲು ಶೇ. 40 ಮಾತ್ರ, ಅಂದರೆ 500. ಕಾರ್ಬೊನೇಟ್ ಊಟದ ಜೊತೆ ನುಂಗಿದರೆ ಒಳ್ಳೆಯದು, ಹೊಟ್ಟೆಯ ಆಮ್ಲ ಬೇಕು ಅದಕ್ಕೆ. ಒಂದೇ ಸಲಕ್ಕೆ 500ಕ್ಕಿಂತ ಹೆಚ್ಚು ತೆಗೆದುಕೊಂಡರೆ ಮೈಗೆ ಹತ್ತುವ ಪಾಲು ಇಳಿಯುತ್ತದೆ. ಇನ್ನು ಸುಣ್ಣ ಯಾಕೆ ಬೇಡ ಅಂದರೆ, ಎಲೆಗೆ ಹಚ್ಚುವ ಸುಣ್ಣದ ಕ್ಷಾರ ಬಾಯಿ, ಗಂಟಲು ಸುಡುವಂಥದ್ದು, ಎಷ್ಟು ಹಾಕಿದಿರಿ ಅಂತ ಅಳತೆ ಇಲ್ಲ, ಹತ್ತು ರೂಪಾಯಿಯೊಳಗಿನ ಮಾತ್ರೆ ಇರುವಾಗ ಅದರ ಗೊಡವೆ ಯಾಕೆ.

ಇಲ್ಲಿ ನನ್ನದೇ ಒಂದು ದಡ್ಡತನ ಹೇಳಬೇಕು. ಅವ್ವನಿಗೆ ತಂದ ಮಾತ್ರೆ, ನನಗೂ ಇರಲಿ ಅಂತ (47 ಆಯಿತು, ಶಿಬಿರದ ಹಳದಿ ಚೀಟಿ ಬೇರೆ) ನಾನೂ ಶುರು ಮಾಡಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುತ್ತೇನೆ, ಶಾಲೆಯ ಗಡಿಬಿಡಿಯಲ್ಲಿ ಅದರ ಹಿಂದೆಯೇ ಕ್ಯಾಲ್ಸಿಯಂ. ಮೂರು ತಿಂಗಳಿಗೆ ರಕ್ತದಲ್ಲಿ ಟಿಎಸ್‌ಎಚ್ ಏರಿ ಕೂತಿತ್ತು, ಅಂದರೆ ಥೈರಾಯ್ಡ್ ಮಾತ್ರೆ ಸಾಲುತ್ತಿಲ್ಲ ಅಂತ. ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಎರಡರ ನಡುವೆ ನಾಲ್ಕು ತಾಸು ಅಂತರ ಬೇಕು ಅಂತ ಡಾಕ್ಟರಮ್ಮ ಹೇಳಿದಾಗ ಮಕ್ಕಳಿಗೆ ರಸಾಯನಶಾಸ್ತ್ರ ಹೇಳುವ ನನಗೆ ನಾಚಿಕೆ ಆಯಿತು. ಕಬ್ಬಿಣದ ಮಾತ್ರೆಗೂ ಇದೇ ತಂಟೆ, ಒಟ್ಟಿಗೆ ನುಂಗಬಾರದು.

ವಿಟಮಿನ್ ಡಿ ಬಗ್ಗೆ ಇನ್ನೊಂದು. 60,000 ಯೂನಿಟ್ಟಿನ ಪುಡಿ ಪ್ಯಾಕೆಟ್ ಗೊತ್ತಲ್ಲ, ವಾರಕ್ಕೊಂದು, ಎಂಟು ವಾರ. ಕೊರತೆ ಇದ್ದವರಿಗೆ ಡಾಕ್ಟರ್ ಬರೆದು ಕೊಟ್ಟರೆ ಸರಿ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬ ಮೇಡಂ ಅದನ್ನು ಹಬ್ಬದ ಹೋಳಿಗೆಯ ಹಾಗೆ ನೆನಪಾದಾಗಲೆಲ್ಲ ತಿನ್ನುತ್ತಾರೆ, ಕೇಳಿದರೆ "ವಿಟಮಿನ್ ಅಲ್ವಾ, ಏನಾಗತ್ತೆ" ಅಂತಾರೆ. ಏನಾಗುತ್ತದೆ ಅಂದರೆ, ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಮೇಲೆ ಒಂದು ಪ್ರಯೋಗ ಮಾಡಿದರು, 2010ರಲ್ಲಿ ಫಲಿತಾಂಶ ಬಂತು. ಅರ್ಧ ಜನಕ್ಕೆ ವರ್ಷಕ್ಕೊಂದು ಸಲ 5 ಲಕ್ಷ ಯೂನಿಟ್ ಡಿ. ಎಲ್ಲರೂ ಅಂದುಕೊಂಡದ್ದು ಮುರಿತ ಕಡಿಮೆ ಆಗುತ್ತದೆ ಅಂತ. ಆದದ್ದು ಉಲ್ಟಾ, ಬೀಳುವುದು ಶೇ. 15 ಜಾಸ್ತಿ, ಮುರಿಯುವುದು ಶೇ. 26 ಜಾಸ್ತಿ. ಒಮ್ಮೆಲೇ ಸುರಿಯುವುದಕ್ಕೂ ವಾರ ವಾರ ಕೊಡುವುದಕ್ಕೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಎಂಟು ಪ್ಯಾಕೆಟ್ ಅಂದರೆ 4,80,000, ಲೆಕ್ಕ ಹಾಕಿ ನೋಡಿ ಮೇಡಂ ಅಂತ ಹೇಳಿದೆ. ಅವರು ಗಣಿತದವರು, ಸುಮ್ಮನಾದರು.

ಕೆ2 ವಿಟಮಿನ್ ಬಗ್ಗೆ ಒಂದು ಸಣ್ಣ ಕಥೆ ಮಾತ್ರ, ಯಾಕೆಂದರೆ ಈಗ ಎಲ್ಲ ಡಬ್ಬಿಯ ಮೇಲೂ ಅದೇ. ಕೆ ವಿಟಮಿನ್ ಮುರಿತ ತಡೆಯುತ್ತದೆ ಅನ್ನುವ ನಂಬಿಕೆಗೆ ಬಲ ಕೊಟ್ಟ ಪ್ರಯೋಗಗಳಲ್ಲಿ ಜಪಾನಿನ ಯೋಶಿಹಿರೊ ಸಾಟೊ ಅನ್ನುವ ವೈದ್ಯನ ಪ್ರಯೋಗಗಳೂ ಇದ್ದವು. ನ್ಯೂಜಿಲೆಂಡಿನ ಮತ್ತು ಸ್ಕಾಟ್ಲೆಂಡಿನ ಕೆಲವು ಸಂಶೋಧಕರು ಕೂತು ಲೆಕ್ಕ ಹಾಕಿ, ಇಷ್ಟು ರೋಗಿಗಳನ್ನು ಇಷ್ಟು ಬೇಗ ಹುಡುಕಲು ಹೇಗೆ ಸಾಧ್ಯ, ಬೇರೆ ಬೇರೆ ಅಧ್ಯಯನದಲ್ಲಿ ಅಂಕಿಗಳು ಹೀಗೆ ಹೊಂದಿಕೊಳ್ಳಲು ಹೇಗೆ ಸಾಧ್ಯ ಅಂತ 2016ರಲ್ಲಿ ಬಯಲಿಗೆ ತಂದರು. ಅವನ ಹತ್ತಾರು ಪ್ರಬಂಧಗಳನ್ನು ಪತ್ರಿಕೆಗಳು ಹಿಂದಕ್ಕೆ ಪಡೆದವು. ಅಂಥ ಪ್ರಬಂಧ ಸೇರಿಸಿ ಕೂಡಿಸಿದ ಲೆಕ್ಕವನ್ನು ಡಬ್ಬಿಗಳು ಮಾತ್ರ ಮರೆತಿಲ್ಲ.

ಮಂಗರಬಳ್ಳಿಯನ್ನು ಹೀಗೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೇಲಿಯ ಮೇಲೆ ಚೌಕ ಕಾಂಡದ, ಗೆಣ್ಣು ಗೆಣ್ಣಿನ ಆ ಬಳ್ಳಿ ನೋಡಿಯೇ ಇರುತ್ತೀರಿ. ಮುರಿದರೂ ಗೆಣ್ಣಿನಿಂದ ಮತ್ತೆ ಚಿಗುರುತ್ತದೆ, ಅದಕ್ಕೇ ಎಲುಬಿಗೆ ಒಳ್ಳೆಯದು ಅಂತ ಹಳಬರು ನಂಬಿದರೋ ಏನೋ. ಇದನ್ನು ಪ್ರಯೋಗಶಾಲೆಗೆ ತಂದವರು ನಮ್ಮ ಕರಾವಳಿಯ ಮೂಲದ ಸರ್ಜನ್ ಕೆ.ಎನ್. ಉಡುಪ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಇದ್ದವರು. 1960ರ ದಶಕದ ಮೊದಲ ವರ್ಷಗಳಲ್ಲಿ ಅವರು ಮತ್ತು ಜಿ. ಪ್ರಸಾದ್ ಪ್ರಾಣಿಗಳ ಎಲುಬು ಮುರಿದು, ಈ ಬಳ್ಳಿಯ ಸಾರ ಕೊಟ್ಟು, ವಿಕಿರಣ ಸೂಸುವ ಕ್ಯಾಲ್ಸಿಯಂ-45 ಬಳಸಿ ಕೂಡುವ ವೇಗ ಅಳೆದರು. ಬೇಗ ಕೂಡಿತು. ಅರವತ್ತು ವರ್ಷ ಆಯಿತು, ಆ ಮೇಲೆ ಮನುಷ್ಯರ ಮೇಲೆ ನಡೆದದ್ದು ಸಣ್ಣ ಸಣ್ಣ ಪರೀಕ್ಷೆಗಳು. 36 ಸಾವಿರ ಜನರ ಮೇಲೆ ನೋಡುವಷ್ಟು ದುಡ್ಡು ಬೇಲಿ ಬಳ್ಳಿಗೆ ಯಾರು ಹಾಕುತ್ತಾರೆ? ನನಗೆ ಬೇಜಾರು ಇರುವುದು ಇಲ್ಲಿ. ಸೋದರತ್ತೆಯ ಚಟ್ನಿ ಮೂರು ದಿನ ನಡೆಯಿತು, ನಾಲಿಗೆ ತುರಿಸುತ್ತದೆ ಅಂತ ಅವ್ವನೇ ಬಿಟ್ಟಳು.

ಮುರಿತ ಕಡಿಮೆ ಆದ ಲೆಕ್ಕ ನಿಜಕ್ಕೂ ಎಲ್ಲಿ ಸಿಗುತ್ತದೆ ಅಂದರೆ ಔಷಧಿಯಲ್ಲಿ. ಅಲೆಂಡ್ರೊನೇಟ್ ಅಂತ ಹಳೆಯ ಮಾತ್ರೆ, ಈಗ ವಾರಕ್ಕೊಂದು ನುಂಗುವುದು. 1996ರಲ್ಲಿ ಬೆನ್ನೆಲುಬು ಮೊದಲೇ ಕುಸಿದಿದ್ದ 2,027 ಹೆಂಗಸರ ಮೇಲೆ ನೋಡಿದಾಗ ಹೊಸದಾಗಿ ಬೆನ್ನೆಲುಬು ಮುರಿದುಕೊಂಡವರು ಶೇ. 15ರಿಂದ ಶೇ. 8ಕ್ಕೆ ಇಳಿದರು, ಸೊಂಟದ ಮುರಿತ ಅರ್ಧ ಆಯಿತು. ಆ ಪರೀಕ್ಷೆಯಲ್ಲಿ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆಲ್ಲ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ಡಿ ಕೂಡ ಕೊಟ್ಟಿದ್ದರು. ಇಟ್ಟಿಗೆ ಇಲ್ಲದೆ ಮೇಸ್ತ್ರಿ ಏನು ಕಟ್ಟುತ್ತಾನೆ. ಅವ್ವನಿಗೂ ಸ್ಕ್ಯಾನ್, ರಕ್ತ ಪರೀಕ್ಷೆ ನೋಡಿ ಇದನ್ನೇ ಶುರು ಮಾಡಿದ್ದಾರೆ. ಖಾಲಿ ಹೊಟ್ಟೆಗೆ ದೊಡ್ಡ ಲೋಟ ನೀರಿನಲ್ಲಿ ನುಂಗಿ ಅರ್ಧ ತಾಸು ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಭಾನುವಾರ ಬೆಳಿಗ್ಗೆ ಆ ಅರ್ಧ ತಾಸು ಅವಳು ಅಂಗಳದಲ್ಲಿ ಬಿಸಿಲಿಗೆ ಕೂರುತ್ತಾಳೆ, ಬೀದಿಯ ಸುದ್ದಿ ಎಲ್ಲ ಆಗಲೇ ಅವಳಿಗೆ ಸಿಗುವುದು.

ನೀರಂತೂ ಈಗ ಶುದ್ಧ ನೀರಿನ ಘಟಕದ್ದು, ಐದು ರೂಪಾಯಿ ಕಾಯಿನ್ ಹಾಕಿ 20 ಲೀಟರ್ ತರುತ್ತೇವೆ, ಬೋರಿನದು ಪಾತ್ರೆ ಬಟ್ಟೆಗೆ. ಬಚ್ಚಲಿನ ನುಣುಪು ಕಲ್ಲು ತೆಗೆಸಿ ಒರಟು ಕಲ್ಲು ಹಾಕಿಸಿದೆ, ಗೋಡೆಗೆ ಹಿಡಿದುಕೊಳ್ಳಲು ಒಂದು ಸ್ಟೀಲ್ ಪೈಪು. ಮೇಸ್ತ್ರಿ ಕೂಲಿ ಸೇರಿ ಆದ ಖರ್ಚು ತಮ್ಮ ಕಳಿಸಿದ ಎರಡು ಡಬ್ಬಿಗೆ ಹತ್ತಿರ ಹತ್ತಿರ.

ಮೊನ್ನೆ ಅವನು ಫೋನ್ ಮಾಡಿದ್ದ. ಈ ಸಲ ಪಕ್ಕಾ ವೆಜ್ ಇರುವುದನ್ನೇ ಹುಡುಕಿದ್ದೀನಿ ಅವ್ವ, ಕಳಿಸ್ಲಾ ಅಂದ. ಸ್ಪೀಕರ್ ಹಾಕಿದ್ದೆ. ಅವ್ವ ಎಡಗೈಯಲ್ಲಿ ಹಿಟ್ಟು ನಾದುತ್ತಾ, ಬಲಗೈ ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, "ಪುಡಿ ಬ್ಯಾಡಪಾ, ಡಬ್ಬಿ ಚಲೋ ಐತಿ, ಖಾಲಿ ಡಬ್ಬಿ ಇದ್ರ ಕಳ್ಸು" ಅಂದಳು. ಮೊದಲಿನ ಡಬ್ಬಿಯನ್ನು ಅಡುಗೆ ಮನೆಗೆ ಸೇರಿಸಿಲ್ಲ ಬಿಡಿ, ಮೂರು ಸಲ ತೊಳೆದರೂ ಸೇರಿಸಲಿಲ್ಲ. ಬಚ್ಚಲಲ್ಲಿ ಬಟ್ಟೆ ಸೋಡಾ ತುಂಬಿ ಇಟ್ಟಿದ್ದಾಳೆ, ಆ ಬಿಳಿ ಕೂದಲಿನ ಹೆಂಗಸು ಅಲ್ಲೇ ಬೆಟ್ಟ ಹತ್ತುತ್ತಿದ್ದಾಳೆ.